ತೂಬಿನ ಕೀಲಿ ಯಾರ ಕೈಯಲ್ಲಿದೆ?

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಮಾಡದಕೆರೆಯೂ ಒಂದು. ಹೆಸರಿನಲ್ಲೇ ಕೆರೆಯನ್ನು ಹೊತ್ತಿರುವ ಊರುಗಳು ಬಯಲುಸೀಮೆಯಲ್ಲಿ ಲೆಕ್ಕವಿಲ್ಲದಷ್ಟು. ಮಳೆ ಕಡಿಮೆಯಿರುವ ಈ ಸೀಮೆಯ ಜನ ಕೆರೆಯ ಏರಿಯಷ್ಟೇ ಎಚ್ಚರಿಕೆಯಿಂದ ಕಾಯ್ದುಕೊಂಡು ಬಂದದ್ದು ಅದರ ತೂಬನ್ನು. ತೂಬನ್ನು ಎತ್ತುವ, ಇಳಿಸುವ ಅಧಿಕಾರ ಊರು ಒಪ್ಪಿದ ನೀರುಗಂಟಿಗೆ ಮಾತ್ರ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವನ ಬಳಿ ಇರುತ್ತಿತ್ತು. ಲೆಕ್ಕ ತಪ್ಪಿದರೆ ಕೇಳಲು ಊರಿತ್ತು. ಏರಿ ಎಷ್ಟೇ ಭದ್ರವಾಗಿದ್ದರೂ ತೂಬಿಗೆ ಕೈಹಾಕುವವರು ಯಾರೆಂದು ಗೊತ್ತಿಲ್ಲದಿದ್ದರೆ ಕೆರೆಯ ನೀರು ಉಳಿಯದು ಎಂಬ ವಿವೇಕ ಈ ಏರ್ಪಾಟಿನ ಹಿಂದಿತ್ತು.

ಇಂದು ಅದೇ ಹೋಬಳಿಗಳಿಗೆ ಇನ್ನೊಂದು ಬಗೆಯ ಕಾಲುವೆ ಬಂದಿದೆ. ನಾಡಕಚೇರಿ, ಗ್ರಾಮ ಪಂಚಾಯಿತಿ, ಬ್ಯಾಂಕಿನ ಶಾಖೆ, ಶಾಲೆ, ಆರೋಗ್ಯ ಕೇಂದ್ರ ಎಲ್ಲವೂ ಒಂದಲ್ಲ ಒಂದು ಜಾಲಕ್ಕೆ ಸೇರಿಕೊಂಡಿವೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ್ದು 2011ರ ಅಕ್ಟೋಬರ್‌ನಲ್ಲಿ. ಅದೇ ಮುಂದೆ ‘ಭಾರತ್‌ನೆಟ್’ ಎನಿಸಿಕೊಂಡಿತು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಕೋಟಿಗಳ ಲೆಕ್ಕದಲ್ಲಿ ಕಾಲುವೆ ತೋಡುವ ಕೆಲಸ ನಡೆದಿದೆ. ಅದರ ತೂಬಿನ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ಸಾರ್ವಜನಿಕವಾಗಿ ಯಾರೂ ಕೇಳುತ್ತಿಲ್ಲ.

ಈ ಜಾಲದ ತೂಬಿಗೆ ತಂತ್ರಜ್ಞರು ಇಟ್ಟಿರುವ ಹೆಸರು ‘ಸ್ವಿಚ್’. ದೀಪ ಹಚ್ಚುವ ಸ್ವಿಚ್ ಇದಲ್ಲ. ಕಚೇರಿಯ ಮೂಲೆಯ ಕಪಾಟಿನಲ್ಲಿ ಹಸಿರು ದೀಪಗಳನ್ನು ಮಿನುಗಿಸುತ್ತ ಕುಳಿತಿರುವ, ಹತ್ತಾರು ತಂತಿಗಳು ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಯಾವ ಕಂಪ್ಯೂಟರ್‌ನಿಂದ ಹೊರಟ ಮಾಹಿತಿ ಯಾವ ಕಂಪ್ಯೂಟರ್‌ಗೆ ಹೋಗಬೇಕೆಂದು ತೀರ್ಮಾನಿಸಿ ಅತ್ತ ಕಳುಹಿಸುವುದು ಅದರ ಕೆಲಸ. ಅದು ಕೆಟ್ಟಾಗಲಷ್ಟೇ ಜನರ ಗಮನಕ್ಕೆ ಬರುತ್ತದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತಿನ ರೂಪದಲ್ಲಿ.

ಇಂಥ ಪೆಟ್ಟಿಗೆಯನ್ನು ದೂರದಿಂದಲೇ ನಿರ್ವಹಿಸುವ ವ್ಯವಸ್ಥೆ ಅನಿವಾರ್ಯ. ಮಾಡದಕೆರೆಯ ಕಚೇರಿಯ ಸ್ವಿಚ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಲು ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನಿಂದ ಎಂಜಿನಿಯರ್ ಬರಬೇಕೆಂದರೆ ಯಾವ ಇಲಾಖೆಯೂ ನಡೆಯದು. ಆದ್ದರಿಂದ ಸ್ವಿಚ್‌ಗೆ ಒಂದು ವಿಳಾಸ ಕೊಟ್ಟು, ಜಾಲದ ಮೂಲಕವೇ ಅದರೊಳಗೆ ಪ್ರವೇಶಿಸಿ ಆಜ್ಞೆ ನೀಡುವ ಬಾಗಿಲೊಂದನ್ನು ಇಡಲಾಗುತ್ತದೆ. ಬಾಗಿಲು ಇರಲೇಬೇಕು. ಅದಕ್ಕೆ ಅಗುಳಿ ಹಾಕಲಾಗಿದೆಯೇ, ಒಳಬರುವವರ ಗುರುತು ಹಿಡಿಯಲಾಗುತ್ತದೆಯೇ, ಬಂದುಹೋದ ಲೆಕ್ಕ ಉಳಿಯುತ್ತದೆಯೇ ಎಂಬುದು ವಿಚಾರ.

ಇದು ಎಂಜಿನಿಯರುಗಳ ಒಳಮನೆಯ ಮಾತು, ನಮಗೇಕೆ ಎನ್ನುವವರು ಒಮ್ಮೆ ಪಹಣಿಯನ್ನು ನೆನೆಯಬೇಕು. ‘ಭೂಮಿ’ ಯೋಜನೆಯಡಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ 67 ಲಕ್ಷದಷ್ಟು ರೈತರ ಹಕ್ಕಿನ ದಾಖಲೆಗಳನ್ನು, 2000ದ ದಶಕದ ಆರಂಭದಲ್ಲಿಯೇ ಕಂಪ್ಯೂಟರ್‌ಗೆ ಏರಿಸಿತು. ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ದಾಖಲೆ ತಿದ್ದುವ ಸಿಬ್ಬಂದಿಯ ಗುರುತನ್ನು ಬೆರಳಚ್ಚಿನಿಂದ ಖಚಿತಪಡಿಸಿಕೊಳ್ಳುವ ಏರ್ಪಾಟನ್ನು ಆಗಲೇ ಮಾಡಿದ್ದು ದೇಶಕ್ಕೆ ಮಾದರಿಯೆನಿಸಿತು. ತಿದ್ದಿದವರು ಯಾರೆಂದು ಮುಂದೆ ನಿರಾಕರಿಸಲು ಬಾರದಂತೆ ಮಾಡಿದ ಆ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಆದರೆ ಗುಮಾಸ್ತನ ಬೆರಳಿಗೆ ಕೊಟ್ಟ ಗಮನವನ್ನು ಆ ದಾಖಲೆ ಸಾಗುವ ದಾರಿಗೂ ಕೊಡಬೇಕಲ್ಲವೇ? ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನದ ಅರ್ಜಿ, ಪಂಚಾಯಿತಿಯ ಇ-ಸ್ವತ್ತು, ಬರ ಪರಿಹಾರಕ್ಕೆ ಆಧಾರವಾಗುವ ‘ಫ್ರೂಟ್ಸ್’ ನೋಂದಣಿ, ಇವೆಲ್ಲ ಸಾಗುವುದು ಇಂಥ ಪೆಟ್ಟಿಗೆಗಳನ್ನು ದಾಟಿಕೊಂಡೇ.

ಹಳೆಯ ಅಭ್ಯಾಸ ಎಲ್ಲಿ ಅಪಾಯಕಾರಿ ಎಂಬುದನ್ನು ಮೊದಲು ನೋಡೋಣ. ಯಂತ್ರವನ್ನು ದೂರದಿಂದ ನಿಯಂತ್ರಿಸುವ ಅತ್ಯಂತ ಹಳೆಯ ಮಾರ್ಗ ‘ಟೆಲ್ನೆಟ್’. ಅದರ ಮೂಲ 1969ರಷ್ಟು ಹಿಂದಿನದು. ಪರಸ್ಪರ ನಂಬಿಕೆಯಿದ್ದ ಕೆಲವೇ ಸಂಶೋಧಕರ ಜಾಲಕ್ಕಾಗಿ ರೂಪುಗೊಂಡ ಆ ಪದ್ಧತಿಯಲ್ಲಿ ಹೆಸರು, ಪಾಸ್‌ವರ್ಡ್, ಆಜ್ಞೆ ಎಲ್ಲವೂ ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತವೆ. ದಾರಿಯಲ್ಲಿ ಹೊಂಚು ಹಾಕಿದವರು ಸಲೀಸಾಗಿ ಓದಿಕೊಳ್ಳಬಹುದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡ್ ಕದಿಯಲಾಯಿತು. ಅದರಿಂದ ಎಚ್ಚೆತ್ತ ಅಲ್ಲಿನ ಸಂಶೋಧಕ ತಾತು ಊಲೊನೆನ್, ಆ ವರ್ಷವೇ ‘ಸೆಕ್ಯೂರ್ ಶೆಲ್’ ಅಥವಾ ಎಸ್‌ಎಸ್‌ಎಚ್ ಎಂಬ ಬದಲಿ ಮಾರ್ಗವನ್ನು ರೂಪಿಸಿದರು. ಇದರಲ್ಲಿ ಪ್ರತಿ ಮಾತೂ ಗೂಢಲಿಪಿಯಲ್ಲಿ ಮುಚ್ಚಿ ಸಾಗುತ್ತದೆ. ತಾನು ಮಾತನಾಡುತ್ತಿರುವುದು ನಿಜವಾದ ಸ್ವಿಚ್‌ನೊಂದಿಗೇ ಎಂದು ಎಂಜಿನಿಯರ್ ಖಚಿತಪಡಿಸಿಕೊಳ್ಳಲೂ ಬರುತ್ತದೆ. ಬದಲಿ ಮಾರ್ಗ ಬಂದು ಮೂರು ದಶಕ ಕಳೆದರೂ ಟೆಲ್ನೆಟ್ ಜಗತ್ತಿನಿಂದ ತೊಲಗಿಲ್ಲ. ‘ಇರಲಿ, ಅವಸರಕ್ಕೆ ಬೇಕಾದೀತು’ ಎಂಬ ಉದಾಸೀನವೇ ಅದರ ಆಯುಸ್ಸು.

ಈ ಉದಾಸೀನದ ಬೆಲೆಯನ್ನು ಕರ್ನಾಟಕ ಒಮ್ಮೆ ತೆತ್ತಿದೆ. 2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ನಿಂತುಹೋದವು. ಕರ್ನಾಟಕ ವೃತ್ತಕ್ಕೆ ದೊಡ್ಡ ಪೆಟ್ಟು ಬಿತ್ತು. ಬಾಧಿತ ಮೋಡೆಮ್‌ಗಳ ಸಂಖ್ಯೆ 60,000ದಷ್ಟು ಎಂದು ಆಗ ವರದಿಯಾಯಿತು. ಕಾರ್ಖಾನೆಯಲ್ಲಿ ಇಟ್ಟ ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಬದಲಾಗದೆ ಉಳಿದ ಮೋಡೆಮ್‌ಗಳೇ ಬಲಿಯಾದದ್ದು. ಪಾಸ್‌ವರ್ಡ್ ಬದಲಿಸಿಕೊಳ್ಳಿರೆಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ನೀಡಬೇಕಾಯಿತು. ಮೋಡೆಮ್‌ಗಳನ್ನು ದೂರದಿಂದ ನಿರ್ವಹಿಸಲೆಂದೇ ಇದ್ದ ದ್ವಾರ ಹೊರಜಗತ್ತಿಗೂ ತೆರೆದುಕೊಂಡಿದ್ದನ್ನು ಭದ್ರತಾ ತಜ್ಞರು ಬೊಟ್ಟು ಮಾಡಿದ್ದರು. ಅದರ ಹಿಂದಿನ ವರ್ಷ, 2016ರ ಅಕ್ಟೋಬರ್ 21ರಂದು, ‘ಮಿರಾಯ್’ ಎಂಬ ಕುತಂತ್ರಾಂಶ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಎರಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಗಂಟೆಗಟ್ಟಲೆ ತಡೆದಿತ್ತು. ಅದರ ಕೈಯಲ್ಲಿ ಮಹಾ ವಿದ್ಯೆಯೇನೂ ಇರಲಿಲ್ಲ. ಟೆಲ್ನೆಟ್ ಬಾಗಿಲು ತೆರೆದಿಟ್ಟ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿ, ಕಾರ್ಖಾನೆಯ ಅರುವತ್ತರಷ್ಟು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯೋಗಿಸುವುದಷ್ಟೇ ಅದರ ಕಸುಬು.

‘ಮಾಡದಕೆರೆಯ ಪಂಚಾಯಿತಿಗೆ ಯಾರು ಕನ್ನ ಹಾಕುತ್ತಾರೆ?’ ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ. ಕನ್ನ ಹಾಕುವುದು ಮನುಷ್ಯನಲ್ಲ, ಯಂತ್ರ. ಅದಕ್ಕೆ ಊರಿನ ಹೆಸರು ಬೇಕಿಲ್ಲ. ವಿಳಾಸದ ಸಂಖ್ಯೆಯೊಂದು ಸಿಕ್ಕರೆ ಸಾಕು, ಹಗಲಿರುಳೂ ಬಾಗಿಲು ತಟ್ಟುತ್ತಿರುತ್ತದೆ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಲು ಹುಡುಕಿಕೊಂಡದ್ದು ಹೆಬ್ಬಾಗಿಲನ್ನಲ್ಲ, ಬಂಡೆಗಳ ನಡುವಿನ ಒಂದು ಕಿಂಡಿಯನ್ನು ಎಂಬ ಕಥೆ ಚಿತ್ರದುರ್ಗದ ಮಕ್ಕಳಿಗೂ ಗೊತ್ತು. ಅಂದು ಅಲ್ಲಿ ಓಬವ್ವ ಇದ್ದಳು. ಇಂದು ಸಣ್ಣ ಕಚೇರಿಯ ಕಪಾಟಿನ ಮುಂದೆ ಯಾರಿದ್ದಾರೆ?

ಎರಡನೆಯ ಸಬೂಬು, ‘ಸರ್ಕಾರದ ಜಾಲ ಖಾಸಗಿಯಾದದ್ದು, ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬುದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳು ದಾಳಿಗೆ ತುತ್ತಾದ ಪ್ರಕರಣ ಈ ಸಮಾಧಾನವನ್ನು ಅಲ್ಲಗಳೆಯುತ್ತದೆ. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಬೀಗ ಜಡಿದರು. ದೇಶದ ಅಗ್ರಮಾನ್ಯ ಆಸ್ಪತ್ರೆ ದಿನಗಟ್ಟಲೆ ಕಾಗದ-ಲೇಖನಿಗೆ ಮರಳಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದುದೇ ಇದಕ್ಕೆ ಎಡೆಮಾಡಿತೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಜಾಲವನ್ನು ವಿಭಾಗಿಸುವುದು ಬಹುಪಾಲು ಸ್ವಿಚ್‌ಗಳ ಸೆಟ್ಟಿಂಗ್‌ಗೆ ಸೇರಿದ ಕೆಲಸ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ 2019ರ ಕೂಡಂಕುಳಂ ಪ್ರಕರಣ. ಅಲ್ಲಿನ ಅಣು ವಿದ್ಯುತ್ ಸ್ಥಾವರದ ಕಂಪ್ಯೂಟರ್ ಒಂದರಲ್ಲಿ ಕುತಂತ್ರಾಂಶ ಪತ್ತೆಯಾದುದನ್ನು ಅಣು ವಿದ್ಯುತ್ ನಿಗಮ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಅದು ಆಡಳಿತ ಕೆಲಸದ ಜಾಲಕ್ಕೆ ಸೇರಿದ್ದೆಂದೂ ನಿರ್ಣಾಯಕ ಒಳಜಾಲ ಅದರಿಂದ ಪ್ರತ್ಯೇಕವಾಗಿದೆಯೆಂದೂ ನಿಗಮ ಹೇಳಿತು. ಶತ್ರು ಎರಡೂ ಕಡೆ ಒಳಹೊಕ್ಕಿದ್ದ. ಒಂದೆಡೆ ನಡುವೆ ಗೋಡೆಯಿತ್ತು, ಇನ್ನೊಂದೆಡೆ ಇರಲಿಲ್ಲ. ವ್ಯತ್ಯಾಸ ಇಷ್ಟೇ.

ತಯಾರಕರು ಅನುಕೂಲಕ್ಕೆಂದು ತೆರೆದಿಡುವ ಬಾಗಿಲುಗಳದ್ದು ಮತ್ತೊಂದು ಕಥೆ. ಹೊಸ ಸ್ವಿಚ್ ತಾನಾಗಿಯೇ ಸಿದ್ಧಗೊಳ್ಳಲಿ ಎಂದು ಸಿಸ್ಕೊ ಕಂಪನಿ ‘ಸ್ಮಾರ್ಟ್ ಇನ್‌ಸ್ಟಾಲ್’ ಎಂಬ ಸೌಲಭ್ಯ ಇಟ್ಟಿತ್ತು. ಅದರ ದುರ್ಬಳಕೆ ಸಾಧ್ಯವೆಂದು ಕಂಪನಿಯೇ 2017ರಲ್ಲಿ ಎಚ್ಚರಿಸಿತು. ಆದರೂ ಸಾವಿರಾರು ಕಡೆ ಅದನ್ನು ಮುಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಆ ದಾರಿಯಿಂದಲೇ ಜಗತ್ತಿನಾದ್ಯಂತ ಸುಮಾರು 2 ಲಕ್ಷ ಸಾಧನಗಳು ದಾಳಿಗೀಡಾದವೆಂದು ಇರಾನ್ ಸರ್ಕಾರ ಹೇಳಿತು. ಅವುಗಳಲ್ಲಿ 3,500 ಆ ದೇಶದವು. 2023ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ಸಾಧನಗಳ ನಿರ್ವಹಣಾ ವೆಬ್ ಪುಟದಲ್ಲಿ ದೋಷವೊಂದು ಬಯಲಾಯಿತು. ಪಾಸ್‌ವರ್ಡ್ ಗೊತ್ತಿಲ್ಲದವನೂ ತನಗೊಂದು ಮೇಲಧಿಕಾರಿಯ ಖಾತೆ ತೆರೆದುಕೊಳ್ಳಬಹುದಿತ್ತು. ಹತ್ತಾರು ಸಾವಿರ ಸಾಧನಗಳು ಪರರ ವಶವಾದವು. ಅಂತರ್ಜಾಲಕ್ಕೆ ತೆರೆದುಕೊಂಡ ಆ ಪುಟವನ್ನು ನಿಷ್ಕ್ರಿಯಗೊಳಿಸಿ ಎಂಬುದೇ ಕಂಪನಿ ಕೊಟ್ಟ ತಕ್ಷಣದ ಪರಿಹಾರ.

ಹಾಗಾದರೆ ಆಗಬೇಕಾದುದು ಏನು? ಕೆಲಸಗಳು ದೊಡ್ಡವಲ್ಲ. ಕಾರ್ಖಾನೆಯ ಪಾಸ್‌ವರ್ಡ್ ಮೊದಲ ದಿನವೇ ಹೋಗಬೇಕು. ಟೆಲ್ನೆಟ್ ಮುಚ್ಚಬೇಕು, ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿಯೊಂದೇ ಉಳಿಯಬೇಕು, ಅದರ ಆರ್‌ಎಸ್‌ಎ ಕೀಲಿ 2048 ಬಿಟ್‌ಗಳಿಗೆ ಕಡಿಮೆಯಿರಬಾರದು. ವೆಬ್ ಪುಟ ಬೇಡವಾದರೆ ಮುಚ್ಚಬೇಕು, ಬೇಕಿದ್ದರೆ ಗೂಢಲಿಪಿಯ ಎಚ್‌ಟಿಟಿಪಿಎಸ್ ಮಾತ್ರ ಇರಬೇಕು. ಸಾಧನದ ಆರೋಗ್ಯ ವಿಚಾರಿಸಲು ಬಳಸುವ ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಗಳಲ್ಲಿ ‘ಪಬ್ಲಿಕ್’ ಎಂಬ ಪದವೇ ಪಾಸ್‌ವರ್ಡ್‌ನಂತೆ ಚಲಾವಣೆಯಲ್ಲಿದೆ. ಅದರ ಬದಲು ಗುರುತು ಪರೀಕ್ಷೆಯೂ ಗೂಢಲಿಪಿಯೂ ಇರುವ ಮೂರನೆಯ ಆವೃತ್ತಿ ಬರಬೇಕು. ನಿರ್ವಹಣೆಯ ದಾರಿಯನ್ನು ಸಾರ್ವಜನಿಕರ ಹಾಗೂ ಗುಮಾಸ್ತರ ಕಂಪ್ಯೂಟರ್‌ಗಳ ದಾರಿಯಿಂದ ಬೇರ್ಪಡಿಸಿ, ಗೊತ್ತುಪಡಿಸಿದ ಕೆಲವೇ ವಿಳಾಸಗಳಿಂದ ಮಾತ್ರ ಪ್ರವೇಶ ಸಿಗುವಂತೆ ಮಾಡಬೇಕು. ಬಳಕೆಯಲ್ಲಿಲ್ಲದ ಕಿಂಡಿಗಳನ್ನು ಮುಚ್ಚಬೇಕು. ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಟ್ಟವರನ್ನು ಕೆಲಕಾಲ ತಡೆಯಬೇಕು.

ಇವೆಲ್ಲಕ್ಕಿಂತ ಮಿಗಿಲಾದದ್ದು ಹೊಣೆಗಾರಿಕೆ. ಇಡೀ ಇಲಾಖೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇದ್ದರೆ ಕೆಲಸ ಬಿಟ್ಟುಹೋದ ಗುತ್ತಿಗೆ ನೌಕರನ ಜೇಬಿನಲ್ಲೂ ಕೀಲಿ ಉಳಿಯುತ್ತದೆ. ಪ್ರತಿ ಎಂಜಿನಿಯರ್‌ಗೂ ಪ್ರತ್ಯೇಕ ಖಾತೆ ಬೇಕು, ನೌಕರಿ ಮುಗಿದ ದಿನವೇ ಅದೂ ಮುಗಿಯಬೇಕು. ಯಾರು, ಯಾವಾಗ, ಏನು ಬದಲಿಸಿದರು ಎಂಬ ದಾಖಲೆ ಆ ಪೆಟ್ಟಿಗೆಯಲ್ಲಷ್ಟೇ ಅಲ್ಲದೆ ಬೇರೊಂದು ಸುರಕ್ಷಿತ ಸ್ಥಳದಲ್ಲೂ ಇರಬೇಕು. ಕಂಪ್ಯೂಟರ್ ತುರ್ತು ಸ್ಪಂದನೆಗಾಗಿ ಇರುವ ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಇದನ್ನೇ ಬಯಸುತ್ತದೆ. ದಾಳಿಯ ಸುಳಿವು ಸಿಕ್ಕ 6 ಗಂಟೆಯೊಳಗೆ ತಿಳಿಸಬೇಕು, ದಾಖಲೆಗಳನ್ನು 180 ದಿನ ಕಾಪಾಡಬೇಕು, ಸಾಧನಗಳ ಗಡಿಯಾರಗಳು ಒಂದೇ ಸಮಯ ತೋರಿಸಬೇಕು ಎಂದು ಅದು ವಿಧಿಸಿದೆ. ಗಡಿಯಾರದ ಮಾತು ಕ್ಷುಲ್ಲಕವೆನಿಸಬಹುದು. ಆದರೆ ಒಂದು ಪೆಟ್ಟಿಗೆ ಬೆಳಿಗ್ಗೆ ಎಂದರೆ ಮತ್ತೊಂದು ಮಧ್ಯರಾತ್ರಿ ಎನ್ನುತ್ತಿದ್ದರೆ ತನಿಖೆ ನಡೆಸುವವನು ಯಾವ ಸಾಕ್ಷಿಯನ್ನು ನಂಬಬೇಕು?

ಹಳ್ಳಿಯ ವಾಸ್ತವಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಹಲವು ತಯಾರಿಕೆಯ ಸ್ವಿಚ್‌ಗಳಲ್ಲಿ ಬದಲಾವಣೆ ಮಾಡಿದ ಮಾತ್ರಕ್ಕೆ ಅದು ಸ್ಥಿರವಾಗುವುದಿಲ್ಲ. ಉಳಿಸುವ ಆಜ್ಞೆಯನ್ನು ಬೇರೆಯಾಗಿ ಕೊಡಬೇಕು. ಕೊಡದಿದ್ದರೆ, ವಿದ್ಯುತ್ ಕೈಕೊಟ್ಟು ಮರಳುವಷ್ಟರಲ್ಲಿ ಹಾಕಿದ ಅಗುಳಿಯೆಲ್ಲ ಕಳಚಿ ಪೆಟ್ಟಿಗೆ ಹಳೆಯ ಸ್ಥಿತಿಗೆ ಹೋಗಿರುತ್ತದೆ. ಕರೆಂಟ್ ಹೋಗಿಬರುವುದು ನಿತ್ಯದ ಮಾತಾಗಿರುವ ಊರುಗಳಲ್ಲಿ ಈ ಒಂದು ಮರೆವು ಇಡೀ ಶ್ರಮವನ್ನು ನೀರಿನಲ್ಲಿ ಹೋಮ ಮಾಡಿದಂತಾಗಿಸುತ್ತದೆ. ಎರಡನೆಯದು, ಬಿಗಿ ಮಾಡುವ ಭರದಲ್ಲಿ ಎಂಜಿನಿಯರ್ ತನ್ನನ್ನೇ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುವ ಅಪಾಯ. ಹೊಸ ಮಾರ್ಗದಲ್ಲಿ ಪ್ರವೇಶ ಸಿಗುತ್ತಿದೆಯೆಂದು ಪರೀಕ್ಷಿಸಿದ ನಂತರವೇ ಹಳೆಯದನ್ನು ಮುಚ್ಚಬೇಕು. ಪೆಟ್ಟಿಗೆಗೆ ನೇರವಾಗಿ ತಂತಿ ಜೋಡಿಸಿ ಒಳಹೋಗುವ ಕನ್ಸೋಲ್ ಮಾರ್ಗ ಸ್ಥಳೀಯವಾಗಿ ಉಳಿದಿರಬೇಕು, ಅದಕ್ಕೂ ಪಾಸ್‌ವರ್ಡ್ ಇರಬೇಕು, ಕಪಾಟಿಗೆ ಬೀಗ ಇರಬೇಕು.

ಸಿಬ್ಬಂದಿ ಕೊರತೆಯಲ್ಲಿ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹೋಬಳಿಗೊಬ್ಬ ಜಾಲ ಎಂಜಿನಿಯರ್‌ನನ್ನು ನೇಮಿಸುವುದು ಯಾವ ಸರ್ಕಾರಕ್ಕೂ ಆಗದ ಮಾತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಹೆಗಲಿಗೆ ಇದನ್ನೂ ಹೇರುವುದು ಅನ್ಯಾಯ. ಆದರೆ ಮೇಲೆ ಹೇಳಿದ ಕೆಲಸಗಳಿಗೆ ಹೊಸ ಯಂತ್ರ ಬೇಕಿಲ್ಲ. ಇರುವ ಯಂತ್ರದಲ್ಲೇ ಬಹುಪಾಲು ಸಾಧ್ಯ. ಒಂದು ಮಾದರಿಯ ಸ್ವಿಚ್‌ಗೆ ಒಮ್ಮೆ ಸರಿಯಾದ ನಮೂನೆ ಸಿದ್ಧವಾದರೆ ಅದೇ ಮಾದರಿಯ ಸಾವಿರ ಸ್ವಿಚ್‌ಗಳಿಗೆ ಅದನ್ನೇ ಅಳವಡಿಸಬಹುದು, ನಮೂನೆಯಿಂದ ಯಾವುದು ಸರಿದಿದೆ ಎಂಬುದನ್ನು ಕೇಂದ್ರ ಸ್ಥಾನದಿಂದಲೇ ಪತ್ತೆ ಹಚ್ಚಬಹುದು. ಎಸ್‌ಎಸ್‌ಎಚ್ ಅರಿಯದಷ್ಟು ಹಳೆಯ ಪೆಟ್ಟಿಗೆಗಳಿದ್ದರೆ ಮಾತ್ರ ಖರ್ಚು ಬರುತ್ತದೆ, ಅದನ್ನು ಮಾಡಲೇಬೇಕು.

ನಿಜವಾದ ಕೊರತೆ ಇರುವುದು ಕಾಮಗಾರಿಯ ಪರಿಕಲ್ಪನೆಯಲ್ಲಿ. ಪೆಟ್ಟಿಗೆ ಬಂದಿತು, ದೀಪ ಹತ್ತಿತು, ಬಿಲ್ ಪಾವತಿಯಾಯಿತು ಎಂಬಲ್ಲಿಗೆ ಕೆಲಸ ಮುಗಿಯಿತೆಂಬ ಭಾವನೆ ಬೇರೂರಿದೆ. ರಸ್ತೆಗೆ ಡಾಂಬರು ಎಷ್ಟು ದಪ್ಪ ಎಂದು ಅಳೆದು ನೋಡುವ ನಾವು ಜಾಲದ ಕಾಮಗಾರಿಗೆ ಅಂಥ ಅಳತೆಗೋಲು ಇಟ್ಟುಕೊಂಡಿಲ್ಲ. ಟೆಂಡರ್ ದಾಖಲೆಯಲ್ಲೇ ಭದ್ರ ನಿರ್ವಹಣೆಯ ಷರತ್ತುಗಳು ಸೇರಬೇಕು. ಹಸ್ತಾಂತರದ ವೇಳೆ ಪ್ರತಿ ಸಾಧನಕ್ಕೂ ಒಂದು ಪುಟದ ಪರಿಶೀಲನಾ ಪಟ್ಟಿ ಇರಬೇಕು, ಅದು ಕನ್ನಡದಲ್ಲಿರಬೇಕು. ಕಾರ್ಖಾನೆಯ ಪಾಸ್‌ವರ್ಡ್ ಬದಲಾಗಿದೆಯೇ, ಟೆಲ್ನೆಟ್ ಮುಚ್ಚಿದೆಯೇ, ಖಾತೆಗಳು ಯಾರ ಹೆಸರಿನಲ್ಲಿವೆ, ದಾಖಲೆ ಎಲ್ಲಿ ಸಂಗ್ರಹವಾಗುತ್ತಿದೆ ಎಂಬ ಪ್ರಶ್ನೆಗಳನ್ನು ಕೇಳಲು ನಾಡಕಚೇರಿಯ ಉಪ ತಹಶೀಲ್ದಾರರು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಪಟ್ಟಿಗೆ ಸಹಿ ಬೀಳುವವರೆಗೆ ಅಂತಿಮ ಬಿಲ್ ತಡೆಹಿಡಿಯುವ ಅಧಿಕಾರ ಅವರಿಗಿದ್ದರೆ ಸಾಕು. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧನೆ ನಡೆಯಲಿ. ಎಷ್ಟು ಸಾಧನ ಪರೀಕ್ಷಿಸಲಾಯಿತು, ಎಷ್ಟು ತೇರ್ಗಡೆಯಾದವು ಎಂಬ ಅಂಕಿಸಂಖ್ಯೆಯಾದರೂ ಶಾಸನಸಭೆಯ ಮುಂದೆ ಬರಲಿ. ಸರ್ಕಾರಿ ಸಂಸ್ಥೆಗಳ ಮಾಹಿತಿ ಭದ್ರತೆಗೆ ಸರ್ಟ್-ಇನ್ 2023ರ ಜೂನ್‌ನಲ್ಲಿಯೇ ಮಾರ್ಗಸೂಚಿ ನೀಡಿರುವಾಗ, ನಿಯಮವಿಲ್ಲ ಎನ್ನುವ ಹಾಗೂ ಇಲ್ಲ.

ರಾಜ್ಯಕ್ಕೆ ಪೆಟ್ಟಿನ ನೆನಪುಗಳಿವೆ. 2019ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಬಿದ್ದು 11 ಕೋಟಿ ರೂಪಾಯಿಗೂ ಹೆಚ್ಚು ಹಣ ಪರರ ಪಾಲಾಯಿತು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಕೃತಕ ದಟ್ಟಣೆಯ ದಾಳಿಗೆ ಸಿಲುಕಿ ಆಸ್ತಿ ನೋಂದಣಿಗೆ ಬಂದವರು ಕಾದು ಹಿಂದಿರುಗಿದರು. ಇವು ಸ್ವಿಚ್‌ನ ದಾರಿಯಿಂದ ಬಂದ ದಾಳಿಗಳಲ್ಲ. ಆದರೆ ಆಡಳಿತ ಕಾಗದದಿಂದ ಜಾಲಕ್ಕೆ ಜಾರಿದ ಮೇಲೆ ಜಾಲ ನಿಂತರೆ ಆಡಳಿತವೇ ನಿಲ್ಲುತ್ತದೆ ಎಂಬುದನ್ನು ಇವು ತೋರಿಸಿಕೊಟ್ಟವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪರಿಪಾಠ ಇನ್ನಾದರೂ ನಿಲ್ಲಬೇಕು.

ನಗರದ ಓದುಗರು ಇದನ್ನು ಹಳ್ಳಿಯ ಸಮಸ್ಯೆಯೆಂದು ಬದಿಗಿಡುವಂತಿಲ್ಲ. ಬೆಂಗಳೂರಿನಲ್ಲಿ ಕುಳಿತು ಊರಿನ ಜಮೀನಿನ ಪಹಣಿಯನ್ನು ತೆರೆದು ನೋಡುವವರು ನೋಡುತ್ತಿರುವುದು ಅಲ್ಲಿನ ಕಚೇರಿಯಿಂದ ಬಂದ ಮಾಹಿತಿಯನ್ನೇ. ತಮ್ಮ ಮನೆಯ ವೈಫೈ ಪೆಟ್ಟಿಗೆ, ಅಪಾರ್ಟ್‌ಮೆಂಟಿನ ಕ್ಯಾಮೆರಾ ಜಾಲಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಲು ಐದು ನಿಮಿಷ ಸಾಕು. ಉಳಿದದ್ದನ್ನು ಸರ್ಕಾರದಿಂದ ಕೇಳಿ ಪಡೆಯುವುದು ನಾಗರಿಕರ ಹಕ್ಕು. ಮಾಡದಕೆರೆಯ ಕಚೇರಿ ಮುಂದೆ ಪಿಂಚಣಿ ಅರ್ಜಿ ಹಿಡಿದು ನಿಂತ ವೃದ್ಧೆಗೆ ಎಸ್‌ಎಸ್‌ಎಚ್ ಎಂದರೇನೆಂದು ತಿಳಿಯಬೇಕಾಗಿಲ್ಲ. ತನ್ನ ಪಾಲಿನ ನೀರನ್ನು ದಾರಿಯಲ್ಲಿ ಯಾರೂ ತಿರುಗಿಸಿಕೊಳ್ಳಲಾರರು ಎಂಬ ಭರವಸೆ ಮಾತ್ರ ಆಕೆಗೆ ಸಿಗಬೇಕು. ಆ ಭರವಸೆಗೆ ಹೊಣೆಯಾಗುವ ನೀರುಗಂಟಿ ಯಾರೆಂದು ಸರ್ಕಾರ ಮೊದಲು ಹೆಸರಿಸಲಿ.